ಬೆಳಕಿನಿಂದ ಮೂಡುವ ಅಚ್ಚು: ಮನೆಯಲ್ಲಿಯೇ ಸ್ಕ್ರೀನ್ ಮುದ್ರಣ

ಮನೆಯಲ್ಲಿ ಒಂದು ಶುಭಕಾರ್ಯ ನಿಶ್ಚಯವಾಯಿತೆಂದರೆ ಮೊದಲು ನೆನಪಾಗುವುದು ಆಮಂತ್ರಣ ಪತ್ರಿಕೆ. ಮದುವೆಯಿರಲಿ, ಗುರುಪ್ರವೇಶವಿರಲಿ, ನಾಮಕರಣವಿರಲಿ, ಊರಿನ ಜಾತ್ರೆಯಿರಲಿ, ನಾಲ್ಕು ಸಾಲು ಅಚ್ಚಾಗಿ ಬಂಧುಬಾಂಧವರ ಕೈ ಸೇರಿದಾಗಲೇ ಕಾರ್ಯಕ್ಕೊಂದು ಕಳೆ. ಕೆಲವು ದಶಕಗಳ ಹಿಂದೆ ನಮ್ಮ ನಾಡಿನ ಸಣ್ಣಪುಟ್ಟ ಪಟ್ಟಣಗಳಲ್ಲಿಯೂ ಈ ಕೆಲಸ ಬಹುಮಟ್ಟಿಗೆ ಮನೆಯ ಪಡಸಾಲೆಯಲ್ಲಿಯೇ ನಡೆಯುತ್ತಿತ್ತು. ಒಂದು ಮರದ ಚೌಕಟ್ಟು, ಅದಕ್ಕೆ ಬಿಗಿದ ತೆಳುವಾದ ಬಟ್ಟೆ, ಒಂದು ರಬ್ಬರ್ ಪಟ್ಟಿ, ಒಂದಿಷ್ಟು ಶಾಯಿ, ಇಷ್ಟೇ ಬಂಡವಾಳ. ಒಬ್ಬರು ಎಳೆಯುವುದು, ಇನ್ನೊಬ್ಬರು ಕಾರ್ಡುಗಳನ್ನು ಹಗ್ಗದ ಮೇಲೆ ಒಣಹಾಕುವುದು, ಮಕ್ಕಳು ಎಣಿಸಿ ಕಟ್ಟು ಕಟ್ಟುವುದು; ಹೀಗೆ ಇಡೀ ಮನೆಯೇ ದುಡಿಯುತ್ತಿತ್ತು. ಇದೇ ಸ್ಕ್ರೀನ್ ಮುದ್ರಣ.

ಗಣಕಯಂತ್ರ, ಆಫ್‌ಸೆಟ್ ಹಾಗೂ ಡಿಜಿಟಲ್ ಮುದ್ರಣಗಳು ಬಂದ ಮೇಲೆ ಕಾಗದದ ಕೆಲಸ ಬಹಳಷ್ಟು ಅತ್ತ ಹೋಯಿತು. ಆದರೆ ಬಟ್ಟೆಯ ಮೇಲಿನ ಮುದ್ರಣಕ್ಕೆ ಬೇಡಿಕೆ ಮತ್ತೆ ಬಂದಿದೆ. ಕರ್ನಾಟಕ ಸರ್ಕಾರವು 2016ರ ಮಾರ್ಚ್ ತಿಂಗಳಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷಿದ್ಧವಾದವು. ತಾಂಬೂಲದ ಚೀಲ, ಸಮಾರಂಭದ ಕೈಚೀಲ, ಅಂಗಡಿಯ ಹೆಸರುಳ್ಳ ಬಟ್ಟೆಯ ಚೀಲ, ಶಾಲೆಯ ಅಂಗಿ ಇವೆಲ್ಲಕ್ಕೂ ಈ ಕೈಮುದ್ರಣ ಇಂದಿಗೂ ಸೊಗಸಾಗಿ ಒದಗುತ್ತದೆ. ಐವತ್ತು ನೂರು ಚೀಲಗಳಿಗಾಗಿ ದೊಡ್ಡ ಯಂತ್ರವನ್ನು ಅರಸಿಕೊಂಡು ಹೋಗಬೇಕಾಗಿಲ್ಲ.

ಈ ವಿದ್ಯೆಯನ್ನು ಕಲಿಯುವುದು ಕಷ್ಟವಲ್ಲ. ಆದರೆ ಮನೆಯೊಳಗೆ ಇದನ್ನು ಮಾಡಹೊರಟವರು ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರ ವಹಿಸಬೇಕು. ಅದೆಂದರೆ, ಬಟ್ಟೆಗೆ ಬಳಿಯುವ ಆ ಬೆಳಕಿನ ದ್ರಾವಣ ಯಾವುದು ಎಂಬುದು. ಅದನ್ನು ತೊಳೆದ ನೀರು ನಮ್ಮ ಬಚ್ಚಲಿನಿಂದಲೇ ಹೊರಗೆ ಹೋಗುತ್ತದೆ. ಅದನ್ನು ಮುಟ್ಟಿದ ಕೈಯಿಂದಲೇ ನಾವು ಮಕ್ಕಳಿಗೆ ಅನ್ನ ಕಲಸುತ್ತೇವೆ. ಆದುದರಿಂದ ಈ ಲೇಖನದಲ್ಲಿ ಮುದ್ರಣದ ಕ್ರಮದೊಡನೆ ಈ ಆಯ್ಕೆಯ ವಿಚಾರವನ್ನೂ ವಿವರವಾಗಿ ಹೇಳಲಾಗಿದೆ.

ಸೊನ್ನೆಯ ನಡುವಿನ ತುಂಡು

ದಪ್ಪ ಕಾಗದದಲ್ಲಿ ಅಕ್ಷರವನ್ನು ಕತ್ತರಿಸಿ ತೆಗೆದು, ಅದನ್ನು ಗೋಡೆಯ ಮೇಲಿಟ್ಟು ಬಣ್ಣ ಬಳಿದರೆ ಅಕ್ಷರ ಮೂಡುತ್ತದೆ. ಧಾನ್ಯದ ಚೀಲಗಳ ಮೇಲೆ, ಮರದ ಪೆಟ್ಟಿಗೆಗಳ ಮೇಲೆ ಹೆಸರು ಬರೆಯುವ ಈ ಉಪಾಯವನ್ನು ಎಲ್ಲರೂ ನೋಡಿದ್ದೇವೆ. ಆದರೆ ಇದಕ್ಕೊಂದು ತೊಡಕಿದೆ. ಕಾಗದದಲ್ಲಿ ಒಂದು ಸೊನ್ನೆಯನ್ನು ಕತ್ತರಿಸಿ ನೋಡಿ. ಸೊನ್ನೆಯ ನಡುವಿನ ತುಂಡು ಕೆಳಗೆ ಬಿದ್ದುಹೋಗುತ್ತದೆ. ಉಳಿಯುವುದು ಬರಿಯ ತೂತು. ದುಂಡು ದುಂಡಾದ ನಮ್ಮ ಕನ್ನಡ ಲಿಪಿಯಲ್ಲಿ ಇಂಥ ಮುಚ್ಚಿದ ಸುತ್ತುಗಳು ಎಷ್ಟಿವೆಯೆಂದು ಹೇಳಬೇಕಾಗಿಲ್ಲ. ನಡುವಿನ ತುಂಡನ್ನು ಹಿಡಿದು ನಿಲ್ಲಿಸಲು ಅಲ್ಲಲ್ಲಿ ಸಣ್ಣ ಸೇತುವೆಗಳನ್ನು ಬಿಡಬೇಕಾಗುತ್ತದೆ; ಅಕ್ಷರದ ಅಂದ ಕೆಡುತ್ತದೆ.

ಜಪಾನಿನ ಕುಶಲಕರ್ಮಿಗಳು ಈ ತೊಡಕಿಗೆ ಬಹು ಹಿಂದೆಯೇ ಪರಿಹಾರ ಕಂಡುಕೊಂಡಿದ್ದರು. ಹಿಪ್ಪುನೇರಳೆ ಜಾತಿಯ ಗಿಡದ ನಾರಿನಿಂದ ಮಾಡಿದ ಕಾಗದಕ್ಕೆ ಒಂದು ಬಗೆಯ ಹಣ್ಣಿನ ರಸ ಬಳಿದು ಗಟ್ಟಿಮಾಡಿ, ಅದರಲ್ಲಿ ಅತಿ ಸೂಕ್ಷ್ಮ ಚಿತ್ತಾರಗಳನ್ನು ಕೊರೆಯುತ್ತಿದ್ದರು. ಬಿಡಿಬಿಡಿಯಾದ ತುಂಡುಗಳು ಕದಲದಂತೆ ರೇಷ್ಮೆಯ ಎಳೆಗಳಿಂದ ಅವನ್ನು ಹಿಡಿದು ನಿಲ್ಲಿಸುತ್ತಿದ್ದರು. ಅವರು ಕಿಮೋನೋ ಬಟ್ಟೆಗಳಿಗೆ ಚಿತ್ತಾರ ಹಾಕಿದ್ದು ಈ ಕ್ರಮದಿಂದಲೇ. ಬರಿಯ ಎಳೆಗಳ ಬದಲು ಇಡೀ ಬಟ್ಟೆಯನ್ನೇ ಆಧಾರವಾಗಿ ಬಳಸುವ ವಿಧಾನಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಎಂಬಾತ 1907ರಲ್ಲಿ ಪೇಟೆಂಟ್ ಪಡೆದನು. ಚೌಕಟ್ಟಿಗೆ ರೇಷ್ಮೆ ಬಟ್ಟೆಯನ್ನು ಬಿಗಿದು, ಬಣ್ಣ ಬೇಡವಾದ ಕಡೆ ಬಟ್ಟೆಯ ರಂಧ್ರಗಳನ್ನು ಮುಚ್ಚಿಬಿಡುವುದು, ಬೇಕಾದ ಕಡೆ ತೆರೆದಿಡುವುದು, ಇದೇ ಆ ವಿಧಾನದ ಸಾರ. ಸೊನ್ನೆಯ ನಡುವಿನ ತುಂಡನ್ನು ಬಟ್ಟೆಯೇ ಹಿಡಿದುಕೊಳ್ಳುತ್ತದೆ, ಸೇತುವೆಯ ಅಗತ್ಯವಿಲ್ಲ.

ಬೇಡವಾದ ರಂಧ್ರಗಳನ್ನು ಕುಂಚದಿಂದ ಒಂದೊಂದಾಗಿ ಮುಚ್ಚುತ್ತಾ ಕೂರುವುದು ತಾಳ್ಮೆಯ ಕೆಲಸ. ಸಣ್ಣ ಅಕ್ಷರಗಳಿಗೆ ಅದು ಸಾಧ್ಯವೂ ಇಲ್ಲ. ಆ ಕೆಲಸವನ್ನು ಬೆಳಕಿಗೆ ಒಪ್ಪಿಸಿದಾಗಲೇ ಸ್ಕ್ರೀನ್ ಮುದ್ರಣ ಈಗಿನ ರೂಪಕ್ಕೆ ಬಂದದ್ದು.

ಬೆಳಕು ಮಾಡುವ ಕೆಲಸ

ಸ್ಕಾಟ್ಲೆಂಡಿನ ಮಂಗೋ ಪಾಂಟನ್ ಎಂಬಾತ 1839ರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಬಳಿದ ಕಾಗದ ಬಿಸಿಲಿನಲ್ಲಿ ಬಣ್ಣಗೆಡುವುದನ್ನು ಗುರುತಿಸಿದನು. ಛಾಯಾಚಿತ್ರಣದ ಪ್ರವರ್ತಕರಲ್ಲೊಬ್ಬನಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್, ಈ ಲವಣವನ್ನು ಬೆರೆಸಿದ ಜೆಲಟಿನ್ ಬೆಳಕು ಬಿದ್ದೆಡೆ ಗಟ್ಟಿಯಾಗಿ ನೀರಿಗೆ ಕರಗದಂತಾಗುತ್ತದೆಂಬುದನ್ನು 1852ರಲ್ಲಿ ಮುದ್ರಣಕ್ಕೆ ಬಳಸಿಕೊಂಡನು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಇದೇ ತತ್ತ್ವ ಸ್ಕ್ರೀನ್ ಮುದ್ರಣಕ್ಕೂ ಬಂತು.

ತತ್ತ್ವ ಸರಳ. ಬೆಳಕಿಗೆ ಸ್ಪಂದಿಸುವ ಒಂದು ಅಂಟುದ್ರಾವಣವನ್ನು ಬಟ್ಟೆಗೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಇದನ್ನು ಎಮಲ್ಷನ್ ಎನ್ನುತ್ತಾರೆ. ಪಾರದರ್ಶಕ ಹಾಳೆಯ ಮೇಲೆ ಕಪ್ಪಾಗಿ ಬರೆದ ಅಕ್ಷರಗಳನ್ನು ಅದರ ಮೇಲಿರಿಸಿ ಬೆಳಕಿಗೆ ಒಡ್ಡಬೇಕು. ಬೆಳಕು ಬಿದ್ದ ಭಾಗ ಗಟ್ಟಿಯಾಗುತ್ತದೆ. ಕಪ್ಪು ಅಕ್ಷರಗಳ ಮರೆಯಲ್ಲಿದ್ದ ಭಾಗ ಮೆತ್ತಗೆ ಉಳಿದು, ನೀರು ಚಿಮುಕಿಸಿದೊಡನೆ ಕರಗಿ ಹೋಗುತ್ತದೆ. ಬರೆದದ್ದೆಲ್ಲ ತೆರೆದ ದಾರಿಯಾಗುತ್ತದೆ. ಶಾಯಿ ಆ ದಾರಿಯಲ್ಲಿಯೇ ಇಳಿಯುತ್ತದೆ.

ಇದರಿಂದ ಕನ್ನಡಕ್ಕೆ ಆದ ಅನುಕೂಲ ವಿಶೇಷವಾದುದು. ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಒತ್ತಕ್ಷರ, ಗುಣಿತಾಕ್ಷರಗಳಿಗೆಲ್ಲ ನೂರಾರು ಮೊಳೆಗಳು ಬೇಕಾಗುತ್ತಿದ್ದವು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ ಕಲ್ಲಚ್ಚಿನಲ್ಲಿಯೇ ಹೊರಬಂದಿತು; ಕೈಬರೆಹವೇ ಅಲ್ಲಿ ಅಚ್ಚಾಯಿತು. ಸ್ಕ್ರೀನ್ ಮುದ್ರಣವೂ ಹಾಗೆಯೇ. ಮನೆಯ ಹಿರಿಯರು ದುಂಡಗೆ ಬರೆದ ಅಕ್ಷರ, ಮಗಳು ಬಿಡಿಸಿದ ರಂಗೋಲಿ, ಊರಿನ ಗುಡಿಯ ಗೋಪುರದ ರೇಖಾಚಿತ್ರ, ಕಪ್ಪಾಗಿ ಬರೆಯಬಲ್ಲ ಯಾವುದನ್ನಾದರೂ ಇದು ಅಚ್ಚುಮಾಡಿ ಕೊಡುತ್ತದೆ.

ಯಾವ ಎಮಲ್ಷನ್?

ಇಲ್ಲಿಗೆ ನಮ್ಮ ಮುಖ್ಯ ವಿಷಯಕ್ಕೆ ಬಂದೆವು. ಬಹುಕಾಲದವರೆಗೆ ಸಣ್ಣ ಮುದ್ರಣಶಾಲೆಗಳಲ್ಲಿ ಬಳಕೆಯಲ್ಲಿದ್ದುದು ಮೇಲೆ ಹೇಳಿದ ಡೈಕ್ರೋಮೇಟ್ ಲವಣವೇ. ಅಂಗಡಿಗಳಲ್ಲಿ ಇದನ್ನು ಬೈಕ್ರೋಮೇಟ್ ಎಂದೂ ಕರೆಯುತ್ತಾರೆ. ಕಿತ್ತಳೆ ಬಣ್ಣದ ಹರಳುಗಳು. ನೀರಿನಲ್ಲಿ ಕರಗಿಸಿ ಅಂಟಿಗೆ ಬೆರೆಸಿದರಾಯಿತು. ಅಗ್ಗ, ಸುಲಭ. ಆದರೆ ಇದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1990ರಲ್ಲಿಯೇ ವರ್ಗೀಕರಿಸಿತು. ಇದರ ಪುಡಿ ಉಸಿರಿನೊಡನೆ ಒಳಹೊಕ್ಕರೆ ಮೂಗು ಮತ್ತು ಶ್ವಾಸಕೋಶಗಳಿಗೆ ಹಾನಿ. ಚರ್ಮಕ್ಕೆ ತಾಗಿದರೆ ಬೇಗ ಮಾಯದ ಹುಣ್ಣು. ಒಮ್ಮೆ ಒಗ್ಗದಿಕೆ ಆರಂಭವಾಯಿತೆಂದರೆ ಅದು ಜೀವಮಾನವಿಡೀ ಕಾಡಬಹುದು. ಸಿಮೆಂಟಿನ ಕೆಲಸ ಮಾಡುವ ಕೆಲವರಿಗೆ ಕೈಯಲ್ಲಿ ತುರಿಕೆ, ಬಿರುಕು ಬರುವುದಕ್ಕೆ ಸಿಮೆಂಟಿನಲ್ಲಿ ಅಲ್ಪಪ್ರಮಾಣದಲ್ಲಿರುವ ಇದೇ ಕ್ರೋಮಿಯಂ ಒಂದು ಕಾರಣ.

ನೀರಿನ ವಿಚಾರವನ್ನು ಲೆಕ್ಕ ಹಾಕಿ ನೋಡೋಣ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಪೊಟ್ಯಾಸಿಯಂ ಡೈಕ್ರೋಮೇಟಿನ 1 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ರೋಮಿಯಂ ಇದೆ. ಎಂದರೆ, ಚಿಟಿಕೆಯಷ್ಟು ಹರಳು 7000 ಲೀಟರ್ ನೀರನ್ನು ಆ ಮಿತಿಯವರೆಗೆ ತಲುಪಿಸಬಲ್ಲದು. ಪ್ರತಿಸಲ ಪರದೆ ತೊಳೆದಾಗ ಬಚ್ಚಲಿನಲ್ಲಿ ಹರಿದುಹೋಗುವ ಹಳದಿ ನೀರಿನ ಅರ್ಥ ಇದು. ಇಂಗುಗುಂಡಿ, ಹಿತ್ತಲ ಬಾವಿ, ಕೊಳವೆಬಾವಿ ಹತ್ತಿರ ಹತ್ತಿರವೇ ಇರುವ ನಮ್ಮ ಮನೆಗಳಲ್ಲಿ ಇದನ್ನು ಅಲಕ್ಷಿಸುವಂತಿಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದರ ತ್ಯಾಜ್ಯದ ರಾಶಿಯಿಂದ ಸುತ್ತಲಿನ ಅಂತರ್ಜಲ ಕೆಟ್ಟುಹೋದ ಸಂಗತಿ ಪ್ರಸಿದ್ಧವಾಗಿದೆ. ಯುರೋಪಿನ ಒಕ್ಕೂಟದ ದೇಶಗಳಲ್ಲಿ 2017ರ ಸೆಪ್ಟೆಂಬರ್‌ನಿಂದ ವಿಶೇಷ ಅನುಮತಿಯಿಲ್ಲದೆ ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಡೈಕ್ರೋಮೇಟುಗಳನ್ನು ಬಳಸುವಂತಿಲ್ಲ.

ಹಾಗಾದರೆ ದಾರಿಯೇನು? ದಾರಿ ಇದೆ, ಎರಡು ಬಗೆಯಲ್ಲಿದೆ. ಮೊದಲನೆಯದು ಡಯಾಜೋ ಎಮಲ್ಷನ್. ಪಾಲಿವಿನೈಲ್ ಆಲ್ಕೊಹಾಲ್ ಎಂಬ ಕೃತಕ ಅಂಟಿನ ಡಬ್ಬಿಯೊಡನೆ ಒಂದು ಸಣ್ಣ ಸೀಸೆಯಲ್ಲಿ ಡಯಾಜೋ ಪುಡಿ ಬರುತ್ತದೆ. ಪುಡಿಯನ್ನು ಶುದ್ಧ ನೀರಿನಲ್ಲಿ ಕರಗಿಸಿ ಅಂಟಿಗೆ ಬೆರೆಸಿ, ಗುಳ್ಳೆಗಳು ಏರಿ ಹೋಗುವವರೆಗೆ ಕೆಲವು ಗಂಟೆ ಬಿಡಬೇಕು. ಒಮ್ಮೆ ಬೆರೆಸಿದ ಮೇಲೆ ತಂಪಾದ ಕತ್ತಲೆಯ ಜಾಗದಲ್ಲಿ ಕೆಲವು ವಾರ ಬಾಳುತ್ತದೆ. ಎರಡನೆಯದು ಫೋಟೊಪಾಲಿಮರ್ ಎಮಲ್ಷನ್. ಇದನ್ನು ಬೆರೆಸುವ ಕೆಲಸವೇ ಇಲ್ಲ. ಡಬ್ಬಿ ತೆರೆದು ಬಳಿಯಬಹುದು. ಬೆಳಕಿಗೆ ಬಹು ಬೇಗ ಗಟ್ಟಿಯಾಗುತ್ತದೆ, ಬೆಲೆ ಸ್ವಲ್ಪ ಹೆಚ್ಚು. ಹೊಸಬರಿಗೆ ಡಯಾಜೋ ಹೆಚ್ಚು ಅನುಕೂಲ. ಬೆಳಕು ತುಸು ಹೆಚ್ಚುಕಡಿಮೆಯಾದರೂ ಅದು ಕ್ಷಮಿಸುತ್ತದೆ. ಇವೆರಡರಲ್ಲಿಯೂ ಕ್ರೋಮಿಯಂ ಇಲ್ಲ. ಹಳೆಯ ಕ್ರಮದಲ್ಲಿದ್ದ, ಪ್ರಾಣಿಗಳ ಎಲುಬು ಚರ್ಮಗಳಿಂದ ಮಾಡುವ ಜೆಲಟಿನ್ನಿನ ಅಗತ್ಯವೂ ಇಲ್ಲ. ಹಾಗೆಂದು ಬರಿಗೈಯಿಂದ ಕಲಸಬೇಕೆಂದಲ್ಲ. ರಬ್ಬರ್ ಕೈಗವಸು ಇರಲಿ; ಡಬ್ಬಿ ಮಕ್ಕಳ ಕೈಗೆ ಎಟುಕದಿರಲಿ; ತಿನ್ನುವ ಪದಾರ್ಥಗಳಿರುವ ಫ್ರಿಜ್‌ನಲ್ಲಿ ಇಡುವುದು ಬೇಡ.

ಅಂಗಡಿಯಲ್ಲಿ ಕೇಳುವಾಗ ಎರಡು ಪ್ರಶ್ನೆ ಕೇಳಿರಿ. “ಇದರಲ್ಲಿ ಬೈಕ್ರೋಮೇಟ್ ಇದೆಯೆ?” ಎಂಬುದು ಮೊದಲನೆಯದು. “ಇದು ನೀರಿನ ಶಾಯಿಗೆ ತಡೆಯುತ್ತದೆಯೆ?” ಎಂಬುದು ಎರಡನೆಯದು. ಕೆಲವು ಎಮಲ್ಷನ್‌ಗಳು ಎಣ್ಣೆಯ ಶಾಯಿಗೆ ಮಾತ್ರ ತಕ್ಕವು. ನೀರಿನ ಶಾಯಿ ಬಳಸಿದರೆ ಹತ್ತಾರು ಚೀಲಗಳಲ್ಲಿಯೇ ಪರದೆ ಕರಗತೊಡಗುತ್ತದೆ.

ಚೌಕಟ್ಟು ಮತ್ತು ಬಟ್ಟೆ

ಚೌಕಟ್ಟು ಒಣಗಿದ ಮರದ್ದಿರಲಿ, ಅಲ್ಯೂಮಿನಿಯಮ್ಮಿನದಿರಲಿ, ಮೂಲೆಗಳು ಅಲುಗಬಾರದು, ಸಮತಟ್ಟಾಗಿ ಕೂರಬೇಕು. ಅಚ್ಚಾಗುವ ಚಿತ್ರ 8 ಅಂಗುಲ ಅಗಲ, 10 ಅಂಗುಲ ಉದ್ದವಿದ್ದರೆ ಚೌಕಟ್ಟಿನ ಒಳ ಅಳತೆ 14ಕ್ಕೆ 16 ಅಂಗುಲವಾದರೂ ಇರಬೇಕು. ಸುತ್ತಲೂ ಮೂರು ಅಂಗುಲ ಬಿಡುವಿದ್ದರೆ ಮಾತ್ರ ಶಾಯಿ ನಿಲ್ಲಲು, ಬಟ್ಟೆ ಬಾಗಲು ಎಡೆಯಾಗುತ್ತದೆ.

ಮೊದಲು ರೇಷ್ಮೆ ಬಳಸುತ್ತಿದ್ದರು; ಈಗ ಪಾಲಿಯೆಸ್ಟರ್ ಬಟ್ಟೆ. ಅಂಗುಲಕ್ಕೆ ಎಷ್ಟು ಎಳೆ ಎಂಬುದರ ಮೇಲೆ ಇದರ ನಂಬರ್. ಚೀಲ, ಅಂಗಿಗಳಿಗೆ 110ರಿಂದ 140 ಎಳೆಯ ಬಟ್ಟೆ ಸಾಕು. ಹೆಚ್ಚು ಶಾಯಿ ಇಳಿಯುತ್ತದೆ. ಕಾಗದದ ಮೇಲಿನ ಸಣ್ಣ ಅಕ್ಷರಗಳಿಗೆ 230ರಿಂದ 300 ಎಳೆಯ ಸೂಕ್ಷ್ಮ ಬಟ್ಟೆ ಬೇಕು. ಬೆರಳಿನಿಂದ ತಟ್ಟಿದರೆ ತಮಟೆಯಂತೆ ನುಡಿಯುವಷ್ಟು ಬಿಗಿಯಾಗಿ ಎಳೆದು ಮೊಳೆ ಅಥವಾ ಅಂಟಿನಿಂದ ಬಂಧಿಸಬೇಕು. ಬಟ್ಟೆ ಸಡಿಲವಾಗಿದ್ದರೆ ಉಳಿದ ಕೆಲಸವೆಲ್ಲ ಎಷ್ಟು ಚೆನ್ನಾಗಿದ್ದರೂ ಅಚ್ಚು ಕದಡುತ್ತದೆ. ಬಳಿಕ ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆದು ಜಿಡ್ಡು ತೆಗೆಯಬೇಕು. ಜಿಡ್ಡಿದ್ದೆಡೆ ಎಮಲ್ಷನ್ ಹಿಡಿಯುವುದಿಲ್ಲ.

ಬಳಿಯುವುದು, ಒಣಗಿಸುವುದು

ಎಮಲ್ಷನ್ನಿಗೆ ಶತ್ರುವೆಂದರೆ ಬೆಳಕಿನ ನೇರಳೆಯ ತುದಿ ಹಾಗೂ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು. ಹಳದಿ ಬೆಳಕು ಅದನ್ನು ಕೆಡಿಸುವುದಿಲ್ಲ. ಆದುದರಿಂದ ಕಿಟಕಿ ಮುಚ್ಚಿ, ಹಳದಿ ಬಲ್ಬಿನ ಬೆಳಕಿನಲ್ಲಿ ಕೆಲಸ ಮಾಡಿರಿ. ಪರದೆಯನ್ನು ಗೋಡೆಗೆ ಒರಗಿಸಿ, ಎಮಲ್ಷನ್ ತುಂಬಿದ ಅಲ್ಯೂಮಿನಿಯಂ ತೊಟ್ಟಿಯ ಅಂಚನ್ನು ಬಟ್ಟೆಗೆ ಒತ್ತಿ, ಕೆಳಗಿನಿಂದ ಮೇಲಕ್ಕೆ ಒಂದೇ ಸಮನೆ ಎಳೆಯಬೇಕು. ಹೊರಮೈಗೆ ಒಮ್ಮೆ, ಒಳಮೈಗೆ ಒಮ್ಮೆ ಸಾಕು. ಲೇಪನ ತೆಳ್ಳಗೆ, ಸಮನಾಗಿರಬೇಕು. ದಪ್ಪವಾದರೆ ಮೇಲ್ಪದರ ಗಟ್ಟಿಯಾಗಿ ಒಳಪದರ ಹಸಿಯಾಗಿಯೇ ಉಳಿಯುತ್ತದೆ.

ಅನಂತರ ಕಾಗದ ತಾಗುವ ಹೊರಮೈ ಕೆಳಗಾಗಿರುವಂತೆ ಪರದೆಯನ್ನು ಅಡ್ಡಲಾಗಿ ಇರಿಸಿ, ಧೂಳಿಲ್ಲದ ಕತ್ತಲೆ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿರಿ. ಮಳೆಗಾಲದಲ್ಲಿ ಇದಕ್ಕೆ ಇಡೀ ರಾತ್ರಿ ಬೇಕಾದೀತು. ಪೂರ್ತಿ ಒಣಗದ ಪರದೆಯನ್ನು ಬೆಳಕಿಗೆ ಒಡ್ಡಿದರೆ ತೊಳೆಯುವಾಗ ಎಲ್ಲವೂ ಕರಗಿಹೋಗುತ್ತದೆ. ಕಲಿಯುವವರು ಹೆಚ್ಚಾಗಿ ಎಡವುವ ಜಾಗ ಇದು.

ಬಿಸಿಲಿಗೆ ಒಡ್ಡುವ ಬಗೆ

ಚಿತ್ರವನ್ನು ಟ್ರೇಸಿಂಗ್ ಕಾಗದ, ಬಟರ್ ಪೇಪರ್ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ದಟ್ಟ ಕಪ್ಪಿನಲ್ಲಿ ಬರೆದುಕೊಳ್ಳಿ. ಲೇಸರ್ ಪ್ರಿಂಟರಿನಲ್ಲಿ ತೆಗೆಸಿದರೂ ಆದೀತು. ದೀಪಕ್ಕೆ ಹಿಡಿದರೆ ಕಪ್ಪಿನ ಮೂಲಕ ಬೆಳಕು ಇಣುಕಬಾರದು. ಇಣುಕಿದರೆ ಎರಡು ಹಾಳೆಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ ಅಂಟಿಸಿರಿ. ಈ ಹಾಳೆಯನ್ನು, ಶಾಯಿಯ ಮುಖ ಎಮಲ್ಷನ್ನಿಗೆ ತಾಗುವಂತೆ, ಪರದೆಯ ಹೊರಮೈಯ ಮೇಲೆ ಕವುಚಿ ಹಾಕಬೇಕು. ಆಗ ಅಕ್ಷರಗಳು ಮೇಲಿನಿಂದ ತಿರುಗುಮುರುಗಾಗಿ ಕಾಣುತ್ತವೆ. ಚೌಕಟ್ಟಿನ ಒಳಮೈಯಿಂದ ನೋಡಿದರೆ ನೇರವಾಗಿರುತ್ತವೆ. ಅದೇ ಸರಿಯಾದ ಗುರುತು. ಮೇಲೆ ಸ್ವಚ್ಛವಾದ ಗಾಜು ಹೊರಿಸಿ. ಚೌಕಟ್ಟಿನ ಒಳಗೆ ಕಪ್ಪು ಬಟ್ಟೆ ಹೊದಿಸಿದ ಸ್ಪಂಜಿನ ದಿಂಬು ಇಟ್ಟರೆ ಹಾಳೆ ಪರದೆಗೆ ಬಿಗಿಯಾಗಿ ಅಂಟಿ ಕೂರುತ್ತದೆ. ಕೆಳಗಿನಿಂದ ಬೆಳಕು ಪ್ರತಿಫಲಿಸುವುದೂ ಇಲ್ಲ.

ಎಷ್ಟು ಹೊತ್ತು ಒಡ್ಡಬೇಕೆಂಬುದಕ್ಕೆ ಯಾರೂ ಒಂದೇ ಉತ್ತರ ಕೊಡಲಾರರು. ಎಮಲ್ಷನ್ನಿನ ಬಗೆ, ಲೇಪನದ ದಪ್ಪ, ಋತು, ಹೊತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದನ್ನು ತಾವೇ ಪರೀಕ್ಷಿಸಿ ಕಂಡುಕೊಳ್ಳುವ ಸುಲಭ ಕ್ರಮವೊಂದಿದೆ. ಒಂದು ಸಣ್ಣ ಪರದೆಯನ್ನು ನಾಲ್ಕು ಪಟ್ಟಿಗಳಾಗಿ ಮನಸ್ಸಿನಲ್ಲಿಯೇ ಭಾಗಿಸಿಕೊಳ್ಳಿ. ಇಡೀ ಪರದೆಯನ್ನು 1 ನಿಮಿಷ ಒಡ್ಡಿರಿ. ಮೊದಲ ಪಟ್ಟಿಯನ್ನು ರಟ್ಟಿನಿಂದ ಮುಚ್ಚಿ ಮತ್ತೆ 1 ನಿಮಿಷ ಒಡ್ಡಿರಿ. ಎರಡನೆಯದನ್ನೂ ಮುಚ್ಚಿ 2 ನಿಮಿಷ, ಮೂರನೆಯದನ್ನೂ ಮುಚ್ಚಿ 4 ನಿಮಿಷ ಒಡ್ಡಿರಿ. ಹೀಗೆ ನಾಲ್ಕು ಪಟ್ಟಿಗಳಿಗೆ ಕ್ರಮವಾಗಿ 1, 2, 4, 8 ನಿಮಿಷಗಳ ಬೆಳಕು ಸಿಕ್ಕಂತಾಯಿತು. ಫೋಟೊಪಾಲಿಮರ್ ಆದರೆ ನಿಮಿಷಗಳ ಬದಲು 10, 20, 40, 80 ಸೆಕೆಂಡು ಇಟ್ಟುಕೊಳ್ಳಿ. ತೊಳೆದಾಗ ಯಾವ ಪಟ್ಟಿಯಲ್ಲಿ ಅಕ್ಷರ ಚೊಕ್ಕಟವಾಗಿ ತೆರೆದು, ಉಳಿದ ಭಾಗ ಗಟ್ಟಿಯಾಗಿ ನಿಂತಿದೆಯೋ ಅದೇ ತಮ್ಮ ಲೆಕ್ಕ. ಬೇಸಗೆಯ ಮಧ್ಯಾಹ್ನದ ಲೆಕ್ಕ ಮಳೆಗಾಲದ ಮೋಡಕ್ಕೆ ಸಲ್ಲದು. ಆದುದರಿಂದ ದಿನ, ಹೊತ್ತು, ಅವಧಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಒಳ್ಳೆಯದು.

ನಿತ್ಯ ಕೆಲಸ ಮಾಡುವವರು ನೇರಳಾತೀತ ಟ್ಯೂಬುಗಳ ಪೆಟ್ಟಿಗೆ ಮಾಡಿಸಿಕೊಳ್ಳುತ್ತಾರೆ. ಅದರ ಬೆಳಕನ್ನು ನೇರವಾಗಿ ದಿಟ್ಟಿಸಬಾರದು. 2020ರ ಕೋವಿಡ್ ಕಾಲದಲ್ಲಿ ಅನೇಕ ಮನೆಗಳಿಗೆ ಬಂದ, ಕ್ರಿಮಿ ಕೊಲ್ಲುವ ಯುವಿ-ಸಿ ದೀಪಗಳನ್ನಂತೂ ಈ ಕೆಲಸಕ್ಕೆ ಎಂದೂ ಬಳಸಬಾರದು. ಅವು ಕಣ್ಣು ಚರ್ಮಗಳನ್ನು ಸುಡುತ್ತವೆ. ಅಲ್ಲದೆ ಅವುಗಳ ಕಿರಣ ಸಾಮಾನ್ಯ ಗಾಜನ್ನು ದಾಟುವುದೂ ಇಲ್ಲ.

ತೊಳೆದು ನೋಡುವುದು

ಬೆಳಕಿಗೆ ಒಡ್ಡಿದ ಪರದೆಯ ಎರಡೂ ಮೈಗಳನ್ನು ನೀರಿನಿಂದ ನೆನೆಸಿ ಒಂದು ನಿಮಿಷ ಬಿಡಿ. ಬಳಿಕ ಹೊರಮೈಯಿಂದ ಮೆಲ್ಲಗೆ ನೀರು ಚಿಮುಕಿಸಿರಿ. ಅಕ್ಷರಗಳು ಒಂದೊಂದಾಗಿ ತೆರೆದುಕೊಳ್ಳುವುದನ್ನು ನೋಡುವುದು ಮಕ್ಕಳಿಗೂ ದೊಡ್ಡವರಿಗೂ ಸಂತೋಷದ ಸಂಗತಿ. ಅಕ್ಷರ ತೆರೆಯದಿದ್ದರೆ ಬೆಳಕು ಹೆಚ್ಚಾಯಿತೆಂದು ತಿಳಿಯಬೇಕು. ಇಲ್ಲವೆ ಕೋಣೆಯೊಳಗೆ ಬೆಳಕು ನುಸುಳಿದೆ. ಒಳಮೈ ಲೋಳೆಲೋಳೆಯಾಗಿ, ಅಂಚುಗಳು ಕಿತ್ತುಬರುತ್ತಿದ್ದರೆ ಬೆಳಕು ಕಡಿಮೆಯಾಯಿತು. ಒಣಗಿದ ಮೇಲೆ ಕಿಟಕಿಗೆ ಹಿಡಿದು ನೋಡಿ. ಧೂಳಿನಿಂದಾದ ಸೂಜಿಮೊನೆಯಷ್ಟು ರಂಧ್ರಗಳಿದ್ದರೆ ಕುಂಚದಿಂದ ಎಮಲ್ಷನ್ ತಾಗಿಸಿ ಮತ್ತೆ ಬಿಸಿಲಿಗಿಡಿ. ಚೌಕಟ್ಟಿನ ಅಂಚುಗಳಿಗೆ ಅಂಟುಪಟ್ಟಿ ಹಚ್ಚಿದರೆ ಪರದೆ ಸಿದ್ಧ.

ಅಚ್ಚು ಒತ್ತುವುದು

ಹೊಸ ಬಟ್ಟೆಯಲ್ಲಿ ಗಂಜಿಯಿರುತ್ತದೆ. ಚೀಲಗಳನ್ನು ಒಮ್ಮೆ ಒಗೆದು ಇಸ್ತ್ರಿ ಮಾಡಿಕೊಳ್ಳುವುದು ಒಳಿತು. ಪರದೆಯನ್ನು ಕೀಲಿನಿಂದ ಮೇಜಿಗೆ ಬಂಧಿಸಿ, ಬಟ್ಟೆಗೂ ಪರದೆಗೂ ನಡುವೆ ಎರಡು ಮೂರು ಮಿಲಿಮೀಟರ್ ಅಂತರವಿರುವಂತೆ ಮೂಲೆಗಳಿಗೆ ರಟ್ಟಿನ ತುಂಡು ಅಂಟಿಸಬೇಕು. ಶಾಯಿಯನ್ನು ಒಂದು ಅಂಚಿಗೆ ಸುರಿದು, ಸ್ಕ್ವೀಜಿ ಎನ್ನುವ ರಬ್ಬರ್ ಪಟ್ಟಿಯನ್ನು ಓರೆಯಾಗಿ ಹಿಡಿದು, ಒಂದೇ ಒತ್ತಡದಲ್ಲಿ ತಮ್ಮತ್ತ ಎಳೆಯಬೇಕು. ರಬ್ಬರ್ ಸಾಗಿದೆಡೆ ಮಾತ್ರ ಪರದೆ ಕೆಳಗೆ ತಾಗಿ, ಸಾಗಿದೊಡನೆ ಮೇಲೇಳುತ್ತದೆ. ಇದರಿಂದ ಅಂಚುಗಳು ಚೂಪಾಗಿ ಬರುತ್ತವೆ. ಎರಡು ಬಣ್ಣ ಬೇಕಾದರೆ ಎರಡು ಪರದೆ. ಎರಡರಲ್ಲಿಯೂ ಗುರುತಿನ ಗೀಟುಗಳಿದ್ದರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ.

ಮನೆಗೆ ತಕ್ಕದ್ದು ನೀರಿನ ಶಾಯಿ. ಎಣ್ಣೆಯ ಶಾಯಿಗೆ ಸೀಮೆಎಣ್ಣೆ, ಥಿನ್ನರ್‌ಗಳು ಬೇಕು. ಅವುಗಳ ಆವಿ ತಲೆಸುತ್ತು ತರುತ್ತದೆ, ಒಲೆಯ ಹತ್ತಿರವಂತೂ ಅಪಾಯ. ನೀರಿನ ಶಾಯಿಗೆ ಒಂದೇ ದೋಷ: ಅದು ಬೇಗ ಒಣಗಿ ರಂಧ್ರಗಳನ್ನು ಕಟ್ಟಿಸುತ್ತದೆ. ನಡುವೆ ಊಟಕ್ಕೆ ಎದ್ದುಹೋಗದೆ, ಆಗಾಗ ನೀರಿನ ಹನಿ ಸಿಂಪಡಿಸುತ್ತ, ಒಂದು ಸರದಿ ಮುಗಿಸಿಯೇ ಏಳಬೇಕು. ಅಚ್ಚಾದ ಚೀಲಗಳು ಪೂರ್ತಿ ಒಣಗಿದ ಮೇಲೆ ಮೇಲೊಂದು ಕಾಗದ ಹಾಸಿ, ಶಾಯಿಯ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಸಿ ಇಸ್ತ್ರಿ ಹಾಕಬೇಕು. ಈ ಶಾಖದಿಂದಲೇ ಬಣ್ಣ ನಿಲ್ಲುವುದು. ಇದನ್ನು ಬಿಟ್ಟರೆ ಮೊದಲ ಒಗೆತಕ್ಕೇ ಬಣ್ಣ ಮಾಸುತ್ತದೆ. ಮಾಡಿದವರ ಹೆಸರೂ ಅದರೊಡನೆ ಮಾಸುತ್ತದೆ.

ಕೆಲಸ ಮುಗಿದ ಮೇಲೆ

ಉಳಿದ ಶಾಯಿಯನ್ನು ಕೆರೆದು ಡಬ್ಬಿಗೆ ಸೇರಿಸಿ, ಪರದೆಯನ್ನು ಹಳೆಯ ಬಟ್ಟೆಯಿಂದ ಒರೆಸಿದ ಮೇಲೆಯೇ ತೊಳೆಯಿರಿ. ಆಗ ಚರಂಡಿಗೆ ಹೋಗುವುದು ಅತ್ಯಲ್ಪ. ತೊಳೆದ ನೀರನ್ನು ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟರೆ ಗಸಿ ತಳಕ್ಕೆ ಇಳಿಯುತ್ತದೆ. ಅದನ್ನು ಒಣಗಿಸಿ ಕಸಕ್ಕೆ ಹಾಕಬಹುದು. ಈ ನೀರನ್ನು ಬಾವಿಯ ಕಟ್ಟೆಯ ಬಳಿ, ದನಗಳ ಬಾನಿಯ ಹತ್ತಿರ, ಕೈತೋಟದ ಪಾತಿಗೆ ಚೆಲ್ಲಬಾರದು.

ಅದೇ ಪರದೆಗೆ ಬೇರೆ ಚಿತ್ರ ಬೇಕಾದರೆ ಹಳೆಯ ಎಮಲ್ಷನ್ ತೆಗೆಯಲು ಸೋಡಿಯಂ ಪೀರಿಯೊಡೇಟ್ ಇರುವ ದ್ರಾವಣ ದೊರೆಯುತ್ತದೆ. ಹಚ್ಚಿ ಸ್ವಲ್ಪ ಹೊತ್ತಿನಲ್ಲಿಯೇ ಉಜ್ಜಿ ತೊಳೆಯಬೇಕು. ಅದು ಪರದೆಯ ಮೇಲೆ ಒಣಗಿಹೋದರೆ ಎಮಲ್ಷನ್ ಶಾಶ್ವತವಾಗಿ ಅಂಟಿಕೊಂಡು ಬಟ್ಟೆಯೇ ವ್ಯರ್ಥವಾಗುತ್ತದೆ. ಕೈಗವಸು ಹಾಗೂ ಕನ್ನಡಕ ಇಲ್ಲಿಯೂ ಅತ್ಯವಶ್ಯ.

ಹಿಂದೆ ಈ ಕೆಲಸ ಮಾಡುತ್ತಿದ್ದ ಮನೆಗಳ ಅಟ್ಟದಲ್ಲಿ, ಕಪಾಟಿನಲ್ಲಿ ಕಿತ್ತಳೆ ಹರಳಿನ ಹಳೆಯ ಸೀಸೆಗಳು ಇಂದಿಗೂ ಉಳಿದಿರಬಹುದು. ಅವನ್ನು ಬಚ್ಚಲಿಗೆ ಸುರಿಯಬೇಡಿ, ಹಿತ್ತಲಲ್ಲಿ ಹೂಳಬೇಡಿ, ಸುಡಬೇಡಿ. ಮುಚ್ಚಳ ಬಿಗಿದು, ಇನ್ನೊಂದು ಡಬ್ಬಿಯೊಳಗಿಟ್ಟು, ಹೆಸರು ಬರೆದು, ಅಪಾಯಕಾರಿ ಗೃಹತ್ಯಾಜ್ಯವೆಂದು ತಿಳಿಸಿ ಸ್ಥಳೀಯ ಸಂಸ್ಥೆಯವರಿಗೆ ಒಪ್ಪಿಸಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿಯೇ ಇಂಥ ತ್ಯಾಜ್ಯವನ್ನು ಪ್ರತ್ಯೇಕವಾಗಿ ಇಡಬೇಕೆಂದು ಹೇಳಲಾಗಿತ್ತು.

ಆದಾಯದ ಮಾತು

ಸ್ಕ್ರೀನ್ ಮುದ್ರಣದಿಂದ ದಿಢೀರನೆ ಶ್ರೀಮಂತರಾಗುತ್ತೇವೆಂದು ಯಾರೂ ಭಾವಿಸಬೇಕಾಗಿಲ್ಲ. ಸಾವಿರಾರು ಪ್ರತಿಗಳಿಗೆ ಯಂತ್ರವೇ ಅಗ್ಗ. ಒಂದೆರಡು ಪ್ರತಿಗಳಿಗೆ ಡಿಜಿಟಲ್ ಮುದ್ರಣವೇ ಸುಲಭ. ಇವೆರಡರ ನಡುವೆ, ಇಪ್ಪತ್ತೈದರಿಂದ ಕೆಲವು ನೂರರವರೆಗಿನ ಚೀಲ, ವಸ್ತ್ರ, ದಪ್ಪಕಾಗದದ ಕಾರ್ಡುಗಳಲ್ಲಿ ಮನೆಯ ಪರದೆಗೆ ಜಾಗವಿದೆ. ಬೆಲೆ ಹೇಳುವಾಗ ಬಟ್ಟೆ, ಶಾಯಿಗಳ ಜೊತೆಗೆ ಕೆಟ್ಟುಹೋಗುವ ಹತ್ತರಲ್ಲೊಂದು ಚೀಲವನ್ನೂ ತಮ್ಮ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊದಲಿಗೆ ಹಳೆಯ ಬಟ್ಟೆಗಳ ಮೇಲೆ ಕೈ ಪಳಗಿಸಿ, ತಮ್ಮ ಮನೆಯ ಕಾರ್ಯಕ್ಕೆ ಬೇಕಾದದ್ದನ್ನು ಮಾಡಿ, ಅನಂತರವೇ ಪರರ ಕೆಲಸ ಒಪ್ಪಿಕೊಳ್ಳುವುದು ಲೇಸು. ನಾಲ್ಕಾರು ಗೃಹಿಣಿಯರು ಸೇರಿ ಒಂದು ಬೆಳಕಿನ ಪೆಟ್ಟಿಗೆ, ಕೆಲವು ಚೌಕಟ್ಟುಗಳನ್ನು ಸಾಮೂಹಿಕವಾಗಿ ಇಟ್ಟುಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಬೇಸರವೂ ಕಳೆಯುತ್ತದೆ.

ದುಡಿಮೆ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಅದು ಶುದ್ಧವೋ ಅಲ್ಲವೋ ಎಂಬುದನ್ನು ನೋಡುವುದು ನಮ್ಮ ಹಿರಿಯರ ರೂಢಿ. ನೆರೆಯವರ ಬಾವಿಯನ್ನು ಕೆಡಿಸಿ ಗಳಿಸಿದ ನಾಲ್ಕು ಕಾಸು ಯಾರ ಮನೆಯನ್ನೂ ಬೆಳಗುವುದಿಲ್ಲ. ಬೈಕ್ರೋಮೇಟಿಗೂ ಡಯಾಜೋಗೂ ಇರುವ ಬೆಲೆಯ ಅಂತರ ಒಂದೊಂದು ಚೀಲಕ್ಕೆ ಹಂಚಿದರೆ ಬಹು ಅಲ್ಪ. ಅದರಿಂದ ಉಳಿಯುವುದು ಮನೆಮಂದಿಯ ಆರೋಗ್ಯ, ಕೇರಿಯ ನೀರು. ಕಲಿಯಬೇಕೆಂಬ ಮನಸ್ಸುಳ್ಳ ತಾಯಂದಿರೂ ಯುವಕರೂ ಇಷ್ಟು ಎಚ್ಚರವನ್ನು ಇಟ್ಟುಕೊಂಡು, ಮುಂದಿನ ಶುಭಕಾರ್ಯಕ್ಕೆ ಬೇಕಾದ ಚೀಲಗಳನ್ನು ತಮ್ಮ ಕೈಯಿಂದಲೇ ಅಚ್ಚುಮಾಡಿ ನೋಡಲಿ. ಬಿಸಿಲು ಎಲ್ಲರ ಅಂಗಳಕ್ಕೂ ಬರುತ್ತದೆ. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ.